ಹನ್ನೊಂದು ದಿನ ಮುಂಚೆ ಬರುವ ವರ್ಷ

ಭೂಮಿಯ ಚಲನೆಯ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡಬಲ್ಲೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಗುಂಡ್ಲುಪೇಟೆಯ ಹೈಸ್ಕೂಲೊಂದಕ್ಕೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಹೋದವಳು ಅಲ್ಲೇ ಉಳಿದುಬಿಟ್ಟೆ. ಈ ಪಾಠಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಆಟದ ಬಯಲಿನ ನಡುವೆ ಒಬ್ಬ ಹುಡುಗಿಯನ್ನು ಸೂರ್ಯ ಎಂದು ನಿಲ್ಲಿಸುವುದು. ಅವಳು ಅಲ್ಲಾಡಬಾರದು, ನಗಬಾರದು. ಇನ್ನೊಬ್ಬಳು ಭೂಮಿ. ಅವಳು ಬುಗುರಿಯ ಹಾಗೆ ತಿರುಗುತ್ತಾ ಸೂರ್ಯನ ಸುತ್ತ ಹೋಗಬೇಕು. ಮೂರನೆಯವಳು ಚಂದ್ರ, ಅವಳದು ನಾಯಿಪಾಡು, ಓಡುತ್ತಿರುವ ಭೂಮಿಯ ಸುತ್ತ ಓಡಬೇಕು. ಮೂರು ಸುತ್ತಿಗೆ ಭೂಮಿ ತಲೆ ತಿರುಗಿ ಕೂತುಬಿಡುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ಪಾಠ ಮಾತ್ರ ತಲೆಗೆ ಹತ್ತಿರುತ್ತಿತ್ತು. ತನ್ನ ಸುತ್ತ ತಾನು ಒಂದು ಸುತ್ತು ಬಂದರೆ ದಿನ. ಸೂರ್ಯನ ಸುತ್ತ ಒಂದು ಸುತ್ತು ಬಂದರೆ ವರ್ಷ. ಹೊರಟ ಜಾಗಕ್ಕೆ ಭೂಮಿ ವಾಪಸ್ ಬಂತು ಅಂದರೆ ವರ್ಷ ತುಂಬಿತು ಅಂತ.

ಒಂದು ಸಲ ಹೀಗೆ ಹೇಳಿ ಮುಗಿಸುವಾಗ ಹಿಂದಿನಿಂದ ಒಬ್ಬಳು ಕೈ ಎತ್ತಿದಳು. ತೆರಕಣಾಂಬಿ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ.

"ಮಿಸ್, ಒಂಟಿದ್ ಜಾಗಕ್ಕೇ ವಾಪಸ್ ಬಂದೋ ಅಂತ ಭೂಮಿಗೆ ಎಂಗ್ ಗೊತ್ತಾಯ್ತದೆ? ಅಲ್ಲೇನ್ ಗುರ್ತಿಗೆ ಕಲ್ ನೆಟ್ಟವ್ರಾ?"

ಮಕ್ಕಳು ಗೊಳ್ಳೆಂದರು. ನಮ್ಮ ಕಡೆ ಹೊರಟಿದ್ದಕ್ಕೆ ಹೊಂಟಿದ್ದು ಅನ್ನುವುದು, ಅದರ 'ಹ'ವನ್ನೂ ನುಂಗಿಬಿಡುತ್ತೇವೆ. ಅವಳು ಹೇಳಿದ್ದು ಹೊರಟ ಜಾಗ ಅಂತಲೇ. ನನ್ನ ಕಿವಿಗೆ ಒಂಟಿಯಾಗಿದ್ದ ಜಾಗ ಅಂತ ಕೇಳಿಸಿತು. ತಲೆಹರಟೆ ಮಾಡಬೇಡ ಅಂತ ಗದರಿ ಕೂರಿಸಿದೆ. ಪಾಪ, ಅವಳದು ಒಳ್ಳೆಯ ಪ್ರಶ್ನೆ. ಅದು ನನ್ನನ್ನು ಯಾಕೆ ಅಷ್ಟು ಚುಚ್ಚಿತು ಎಂದು ಹೇಳಬೇಕಾದರೆ ನಮ್ಮವ್ವ ಸತ್ತ ದಿನದಿಂದ ಶುರು ಮಾಡಬೇಕು.

ನಮ್ಮದು ಚಾಮರಾಜನಗರ ತಾಲ್ಲೂಕು, ಚಂದಕವಾಡಿ ಹೋಬಳಿಯ ಒಂದು ಹಳ್ಳಿ. ಅಪ್ಪನ ಮುಖ ನನಗೆ ನೆನಪಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವನಾದ ಅಣ್ಣನೇ ಯಜಮಾನ. ಅರಿಶಿನ, ರಾಗಿ ಬೆಳೆಯುತ್ತಿದ್ದ. ಅವ್ವ ಸತ್ತದ್ದು ಯುಗಾದಿಯ ಮಾರನೆಯ ದಿನ, ವರ್ಷತೊಡಕಿನಂದು. ತೊಡಕು ಅಂದರೆ ನಮ್ಮಲ್ಲಿ ಬಾಡೂಟದ ಹಬ್ಬ. ಹಿಂದಿನ ದಿನದ ಬೇವು ಬೆಲ್ಲ, ಒಬ್ಬಟ್ಟುಗಳ ಸಾಧುತನವನ್ನೆಲ್ಲ ಮಾರನೆಯ ದಿನ ಮಸಾಲೆ ಅರೆದು ಸರಿದೂಗಿಸುವುದು. ಅದಕ್ಕಿಂತ ದೊಡ್ಡದು ಒಂದು ನಂಬಿಕೆ: ತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅಂತ. ಹಾಗಾಗಿ ಆ ದಿನ ಮಕ್ಕಳಿಗೆ ಏಟು ಬೀಳುವುದಿಲ್ಲ. ಗಂಡಸರು ಇಸ್ಪೀಟು ಆಡಿ ಗೆಲ್ಲಲು ನೋಡುತ್ತಾರೆ. ಹಾಸಿಗೆ ಹಿಡಿದವರೂ ಒಂದು ಗಳಿಗೆ ಎದ್ದು ಕೂರುತ್ತಾರೆ. ಯಾರೂ ಅಳುವುದಿಲ್ಲ.

ಅವತ್ತು ಬೆಳಗ್ಗೆಯಿಂದಲೇ ಅವ್ವನಿಗೆ ಎದೆನೋವಿತ್ತು ಅಂತ ಈಗ ನಮಗೆ ಗೊತ್ತು. ಒಲೆಯ ಮುಂದೆ ಎರಡು ಸಲ ಎದೆ ನೀವಿಕೊಂಡದ್ದನ್ನು ನಾನೇ ನೋಡಿದ್ದೆ. "ಯಾಕವ್ವ?" ಅಂದರೆ, "ಏನಿಲ್ಲ ಕಣಮ್ಮಿ, ಒಗೆ" ಅಂದಳು. ಹೊಗೆಯೇನೋ ಇತ್ತು, ಸರಿ ಅಂದುಕೊಂಡೆ. ಮಧ್ಯಾಹ್ನ ಅತ್ತಿಗೆ, "ಒಸಿ ಒತ್ತು ಮನಿಕ ಅತ್ತೆ" ಅಂದದ್ದಕ್ಕೆ, "ತೊಡಕಿನ್ ದಿಸ ಮನಿಕಂಡ್ರೆ ವರ್ಸೆಲ್ಲ ಮನಿಕಬೇಕಾಯ್ತದೆ, ಸುಮ್ಕಿರು" ಅಂತ ರೇಗಿದಳು. ತಾನೇ ಖಾರ ಅರೆದಳು, ತಾನೇ ನಿಂತು ಎಲ್ಲರಿಗೂ ಬಡಿಸಿದಳು.

ಸಂಜೆ ಬಿದಿಗೆ ಚಂದ್ರನನ್ನು ನೋಡುವ ಸಮಯ. ಅಮಾವಾಸ್ಯೆ ಕಳೆದ ಎರಡನೆಯ ಸಂಜೆ ಚಂದ್ರ ಉಗುರಿನ ಚೂರಿನಷ್ಟು ತೆಳ್ಳಗೆ ಇರುತ್ತಾನೆ. ಸೂರ್ಯ ಮುಳುಗಿದ ಹಿಂದೆಯೇ ಸ್ವಲ್ಪ ಹೊತ್ತು ಕಂಡು ತಾನೂ ಮುಳುಗುತ್ತಾನೆ. ಹೊಸ ವರ್ಷದ ಆ ಚಂದ್ರನನ್ನು ನೋಡಿ ದೊಡ್ಡವರ ಕಾಲಿಗೆ ಬೀಳಬೇಕು. ಬೀದಿಯೆಲ್ಲ ಪಡುವಲಕ್ಕೆ ಕತ್ತೆತ್ತಿ ನಿಂತಿತ್ತು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಚಂದ್ರನನ್ನು ಹಿಡಿಯುವವಳು ಅವ್ವ. ಆ ಸಲ ಮಾತ್ರ, "ನೀವ್ ಓಗಿ ನೋಡ್ರಿ, ಕಂಡ್ರೆ ಯೋಳಿ, ಆಮ್ಯಾಕ್ ಬತ್ತೀನಿ" ಅಂದು ನಡುಮನೆಯ ಕಂಬಕ್ಕೆ ಒರಗಿ ಕೂತಳು. ಆಗಲೂ ಮಲಗಲಿಲ್ಲ. ಒರಗಿದಳು, ಅಷ್ಟೇ.

ಪಿಯುಸಿ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ನಾನು ಜಗಲಿಯ ಮೇಲೆ ನಿಂತಿದ್ದೆ. ಒಳಗಿನಿಂದ ಅವ್ವ ಕೂಗಿದಳು, "ಕಾಣ್ತೇನಮ್ಮಿ?" ನಾನು ಉತ್ತರ ಕೊಡಲಿಲ್ಲ. ಇನ್ನೂ ಕಂಡಿರಲಿಲ್ಲವಲ್ಲ, ಕಂಡ ಮೇಲೆ ಹೇಳಿದರಾಯಿತು ಅಂತ. ಮೋಡದ ಒಂದು ಎಳೆ ಅಡ್ಡ ಇತ್ತು. ಅದು ಸರಿದು ಚಂದ್ರ ಕಂಡದ್ದೇ ಒಳಕ್ಕೆ ಓಡಿದೆ. ಅವ್ವ ಕಂಬಕ್ಕೆ ಒರಗಿಕೊಂಡೇ ಇದ್ದಳು. ಹೇಳಿದರೆ ಕೇಳಿಸಿಕೊಳ್ಳಲು ಅವಳು ಇರಲಿಲ್ಲ.

ಆಮೇಲಿನದರಲ್ಲಿ ನಾನು ಮರೆಯಲಾರದ್ದು ಒಂದೇ. ಬೀದಿಯ ಹೆಂಗಸರು ಬಂದು ಸುತ್ತ ಕೂತರು, ಆದರೆ ಬಾಯಿಬಿಟ್ಟು ಅಳಲಿಲ್ಲ. ಬೇರೆ ದಿನವಾಗಿದ್ದರೆ ಅವ್ವನ ಗುಣವನ್ನೆಲ್ಲ ಹಾಡಿ, ಎದೆ ಬಡಿದುಕೊಂಡು, ಪಕ್ಕದ ಊರಿಗೆ ಕೇಳುವಂತೆ ಅಳುತ್ತಿದ್ದವರು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು. ನಮ್ಮವ್ವನಿಗಾಗಿ ಒಂದು ವರ್ಷ ಕೆಡಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ನನಗೆ ರೋಷ ಉಕ್ಕಿತು. ಹಾಗಿದ್ದರೆ ನಾನು ಅಳುತ್ತೇನೆ, ವರ್ಷಪೂರ್ತಿ ಅಳುತ್ತೇನೆ, ಏನೀಗ? ಅವ್ವನ ತಲೆಯ ಹತ್ತಿರ ಕೂತು ಹಾಗಂತ ಗಟ್ಟಿಯಾಗಿ ಹೇಳಿಯೇ ಹೇಳಿದೆ. ಗಂಟಲು ಹರಿಯುವ ಹಾಗೆ ಅತ್ತೆ. ಅಣ್ಣ ಬಾಯಿ ಮುಚ್ಚಿಸಲು ಬಂದಾಗ ಅವನ ಕೈ ಕಚ್ಚಿದೆ.

ನಂಬಿಕೆ ಸುಳ್ಳಾಗಲಿಲ್ಲ. ಆ ವರ್ಷ ಮೈಸೂರಿನಲ್ಲಿ ಡಿಗ್ರಿಗೆ ಸೇರಿದೆ. ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದೆ. ಒಂದು ದಿನ ಮರೆತರೆ ಮಾತು ತಪ್ಪಿದ ಹಾಗಾಗುತ್ತಿತ್ತು.

ವರ್ಷ ತುಂಬುವ ಕಾಲಕ್ಕೆ ಅಣ್ಣನ ಕಾಗದ ಬಂತು. ತೊಡಕಿನ ದಿನ ಅವ್ವನಿಗೆ ಎಡೆ ಇಕ್ಕುತ್ತೇವೆ, ಬಾ ಅಂತ. ಎಡೆ ಅಂದರೆ ಸತ್ತವರ ಫೋಟೋದ ಮುಂದೆ ಎಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುವುದು. ಅವರು ಬಂದು ಯಾರ ಕಣ್ಣೂ ಇಲ್ಲದೆ ನೆಮ್ಮದಿಯಾಗಿ ಉಣ್ಣಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದು, ಆ ಎಲೆಯದನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುವುದು. ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಆ ವರ್ಷ ಯುಗಾದಿ ಮಾರ್ಚಿನಲ್ಲೇ ಬಂದಿತ್ತು. ಅವ್ವ ಸತ್ತದ್ದು ಏಪ್ರಿಲ್‌ನಲ್ಲಿ. ತಾರೀಖನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಹಿಡಿದು ಆಡಿದ ಜಗಳ ಸಾಕು. ಎಣಿಸಿದರೆ ಹನ್ನೊಂದು ದಿನ ಕಮ್ಮಿ.

ಊರಿಗೆ ಹೋದೆ. ಹೋದವಳು ಹೊಸಿಲಲ್ಲೇ ನಿಂತು ಪಾಠ ಶುರು ಮಾಡಿದೆ. ಭೂಮಿ ಸೂರ್ಯನನ್ನು ಒಂದು ಸುತ್ತು ಬರಲು ಮುನ್ನೂರ ಅರವತ್ತೈದೂಕಾಲು ದಿನ ಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹನ್ನೆರಡು ತಿಂಗಳು ಎಣಿಸಿದರೆ ಮುನ್ನೂರ ಐವತ್ತನಾಲ್ಕೇ ದಿನ. ನೀವು ಹಿಡಿದಿರುವುದು ಚಂದ್ರನ ವರ್ಷ. ಅವ್ವ ಸತ್ತಾಗ ಭೂಮಿ ಎಲ್ಲಿತ್ತೋ ಅಲ್ಲಿಗೆ ಅದು ಇನ್ನೂ ಬಂದಿಲ್ಲ, ಹನ್ನೊಂದು ದಿನದ ದಾರಿ ಇದೆ. ವರ್ಷ ತುಂಬದೆ ವರ್ಷದ ಎಡೆ ಹೇಗೆ ಇಕ್ಕುತ್ತೀರಿ?

ಅಣ್ಣ ಎಲೆ ಒರೆಸುತ್ತಿದ್ದವನು ಕತ್ತೆತ್ತಿದ. "ಅವ್ವ ಸತ್ತದ್ದು ತೊಡಕಿನ್ ದಿಸ. ಇವತ್ ತೊಡಕು. ಇನ್ನೇನಮ್ಮಿ ಬೇಕು?"

"ಭೂಮಿ ಬರಬೇಕು."

"ಬತ್ತದೆ ಬುಡು, ಎಲ್ಲಿಗ್ ಓಯ್ತದೆ?"

ಅತ್ತಿಗೆ ನಕ್ಕುಬಿಟ್ಟಳು. ಆ ನಗುವೇ ಎಲ್ಲ ಕೆಡಿಸಿದ್ದು. "ಇದು ಅವ್ವನ ದಿನ ಅಲ್ಲ, ನಾನು ಉಣ್ಣಲ್ಲ" ಅಂದೆ. ಅಣ್ಣನ ಮುಖ ಕಪ್ಪಿಟ್ಟಿತು. "ಅಂಗಾದ್ರೆ ನಿನ್ ಪುಸ್ತಕದ್ ದಿಸ ನೀನೇ ಇಟ್ಕ" ಅಂದ. ಬ್ಯಾಗು ಕೆಳಗೂ ಇಳಿಸದೆ ಬಸ್ಸಿಗೆ ವಾಪಸ್ ನಡೆದೆ.

ನಿಜ ಹೇಳಬೇಕೆಂದರೆ ನನ್ನ ತಕರಾರು ಭೂಮಿಯದಾಗಿರಲಿಲ್ಲ. ವರ್ಷವೆಲ್ಲ ಅಳುತ್ತೇನೆ ಎಂದು ನಾನು ಅವ್ವನಿಗೆ ಹೇಳಿದ್ದೆ. ಇವರು ಹನ್ನೊಂದು ದಿನ ಮುಂಚೆಯೇ ಆಯಿತು, ಏಳು ಅನ್ನುತ್ತಿದ್ದರು. ಹನ್ನೊಂದು ದಿನ ಏನು ಕಮ್ಮಿಯೇ? ಅವ್ವ ಸತ್ತ ಮೇಲೆ ಹನ್ನೊಂದನೆಯ ದಿನವೇ ತಿಥಿ ಮಾಡಿ, ಮನೆ ಸಾರಿಸಿ, ಅವಳನ್ನು ಕಳಿಸಿಕೊಟ್ಟದ್ದು. ಅಲ್ಲಿಯವರೆಗೆ ಅವಳು ಮನೆಯಲ್ಲೇ ಎಲ್ಲೋ ಇದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು.

ಹಾಗಂತ ಅಣ್ಣ ತಂಗಿ ಮಾತು ಬಿಟ್ಟೆವು ಅಂತಲ್ಲ. ಗೌರಿ ಹಬ್ಬಕ್ಕೆ ಅವನು ಬಾಗಿನ ತಂದು ಕೊಡುತ್ತಿದ್ದ, ದೀಪಾವಳಿಗೆ ನಾನು ಹೋಗುತ್ತಿದ್ದೆ. ತೊಡಕಿಗೆ ಮಾತ್ರ ಇಲ್ಲ. ಮೊದಮೊದಲು ಕರೆದ, ನಾನು ಪ್ರತಿ ಸಲವೂ ಎಷ್ಟು ದಿನ ಕಮ್ಮಿ ಎಂದು ಲೆಕ್ಕ ಒಪ್ಪಿಸಿದೆ, ಆಮೇಲೆ ಅವನು ಕರೆಯುವುದನ್ನು ಬಿಟ್ಟ. ಎರಡನೆಯ ವರ್ಷಕ್ಕೆ ಯುಗಾದಿ ಇಪ್ಪತ್ತೆರಡು ದಿನ ಹಿಂದೆ ಸರಿಯಿತು. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗಿ ಬೀಳುತ್ತದೆ ಅಂತ ಪಂಚಾಂಗದವರು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರಲ್ಲ, ಆ ಅಧಿಕ ಮಾಸ ಬಂದು ಮತ್ತೆ ಏಪ್ರಿಲ್‌ಗೆ ಎಳೆದು ತಂದಿತು. ಒಂದು ವರ್ಷವಂತೂ ನನ್ನ ತಾರೀಖಿಗೂ ತೊಡಕಿಗೂ ಒಂದೇ ಒಂದು ದಿನದ ವ್ಯತ್ಯಾಸ. ಒಂದು ದಿನವನ್ನು ಯಾರು ಬೇಕಾದರೂ ನುಂಗಿಕೊಳ್ಳಬಹುದಿತ್ತು. ನಾನು ನುಂಗಲಿಲ್ಲ. ಹಟ ಅನ್ನುವುದು ಒಮ್ಮೆ ಹಿಡಿದರೆ ಅದಕ್ಕೂ ಅಭ್ಯಾಸವಾಗಿಬಿಡುತ್ತದೆ.

ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನಿಲ್ಲ. ನೋಡಲು ಬಂದವರಲ್ಲಿ ಕೆಲವರು ಒಪ್ಪಲಿಲ್ಲ, ಒಪ್ಪಿದವರನ್ನು ನಾನು ಒಪ್ಪಲಿಲ್ಲ, ಅಷ್ಟರಲ್ಲಿ ಬರುವವರು ನಿಂತರು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಕೆಳಗೆ ಮನೆಯ ಒಡತಿ, ಕೇರಳದವರು. ಅವರ ಗಂಡ ಬಾಳೆಕಾಯಿ, ಟೊಮೆಟೊ ಕೊಂಡು ಲಾರಿಯಲ್ಲಿ ಗಡಿಯಾಚೆಗೆ ಕಳಿಸುವ ವ್ಯಾಪಾರಿ.

ಶಾಲೆ ಬಿಟ್ಟ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ನಮ್ಮ ಊರಲ್ಲಿ ಹೊತ್ತು ಅಂದರೆ ಸೂರ್ಯನೂ ಹೌದು, ಸಮಯವೂ ಹೌದು, ಊಟವೂ ಹೌದು. ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ, ಮೂರು ಹೊತ್ತು ಉಣ್ಣುತ್ತೇವೆ. ಸೂರ್ಯ ಎಲ್ಲಿಗೂ ಹೋಗುವುದಿಲ್ಲ, ಅದು ನಮಗೆ ಹಾಗೆ ಕಾಣುತ್ತದೆ ಅಷ್ಟೇ ಎಂದು ಹಗಲೆಲ್ಲ ಮಕ್ಕಳಿಗೆ ಹೇಳಿ ಬಂದು ಸಂಜೆ ಕಿಟಕಿಯ ಪಕ್ಕ ಕೂತರೆ, ನಾನು ಹೇಳಿದ್ದು ಎಷ್ಟು ಸರಿ ಅನ್ನಿಸುತ್ತಿತ್ತು. ಹೊತ್ತು ಎಲ್ಲಿಗೂ ಹೋಗುತ್ತಲೇ ಇರಲಿಲ್ಲ. ಲಾರಿಗಳು ಹೋಗುತ್ತಿದ್ದವು, ಊಟಿಗೆ ಹೋಗುವ ಕಾರುಗಳು ಹೋಗುತ್ತಿದ್ದವು, ನಾನೂ ಹೊತ್ತೂ ಮುಖ ಮುಖ ನೋಡಿಕೊಂಡು ಕೂತಿರುತ್ತಿದ್ದೆವು.

ಪಠ್ಯದಲ್ಲಿಲ್ಲದ ಒಂದು ವಿಷಯವನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸಲು ಪೂರ್ತಿ ಇಪ್ಪತ್ತನಾಲ್ಕು ಗಂಟೆ ಬೇಕಿಲ್ಲ, ಸುಮಾರು ನಾಲ್ಕು ನಿಮಿಷ ಕಮ್ಮಿ ಸಾಕು. ಆದರೆ ಆ ಒಂದು ಸುತ್ತು ಮುಗಿಯುವುದರೊಳಗೆ ಅದು ತನ್ನ ದಾರಿಯಲ್ಲಿ ಒಂದಿಷ್ಟು ಮುಂದೆ ಹೋಗಿಬಿಟ್ಟಿರುತ್ತದೆ. ನಿನ್ನೆಯ ಹಾಗೆ ಸೂರ್ಯನಿಗೆ ಮುಖ ಕೊಡಬೇಕಾದರೆ ಇನ್ನೊಂದು ಚೂರು ತಿರುಗಬೇಕು. ಆ ನಾಲ್ಕು ನಿಮಿಷ ಅದಕ್ಕೆ. ಅದು ಸೇರಿದರೇನೇ ನಮ್ಮ ಇಪ್ಪತ್ತನಾಲ್ಕು ಗಂಟೆಯ ದಿನ. ಮಕ್ಕಳಿಗೆ ಇದು ಅರ್ಥವಾಯಿತೋ ಬಿಟ್ಟಿತೋ, ಹೇಳಿ ಮುಗಿದದ್ದೇ ನಾನು ಪ್ರತಿ ಸಲ ಹಲಗೆ ಒರೆಸಲು ನಿಲ್ಲುತ್ತಿದ್ದೆ. ದಿನಕ್ಕೆ ನಾಲ್ಕು ನಿಮಿಷ ಹೆಚ್ಚಿಗೆ ತಿರುಗಿ ನನ್ನ ಮುಖ ನೋಡುವವರು ಯಾರೂ ಇರಲಿಲ್ಲ. ನಾನೂ ಯಾರ ಕಡೆಗೂ ತಿರುಗಿರಲಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಆ ತಾರೀಖಿನ ದಿನ ಕೋಣೆಯಲ್ಲೇ ಅವ್ವನಿಗೆ ಎಡೆ ಇಕ್ಕುತ್ತಿದ್ದೆ. ಹೆಣ್ಣುಮಕ್ಕಳು ಎಡೆ ಇಕ್ಕುವ ಪದ್ಧತಿ ನಮ್ಮಲ್ಲಿಲ್ಲ, ಗಂಡುಮಕ್ಕಳೇ ಇಕ್ಕಬೇಕು. ನೋಡುವವರು ಯಾರು? ಅವ್ವನಿಗೆ ಊಟಕ್ಕಿಂತ ಎಲೆ ಅಡಿಕೆ ಹೊಗೆಸೊಪ್ಪು ಮುಖ್ಯ. ಮೊದಲ ವರ್ಷ ಪೆಟ್ಟಿಗೆ ಅಂಗಡಿಗೆ ಹೋಗಿ ಹೊಗೆಸೊಪ್ಪು ಕೇಳಿದಾಗ ಅಂಗಡಿಯವನು, "ಯಾರ್ಗೆ ಮೇಡಂ?" ಅಂದ. "ನನಗೇ" ಅಂದೆ. ಅವನ ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ವಾರದೊಳಗೆ ವಿಜ್ಞಾನದ ಮಿಸ್ಸು ಹೊಗೆಸೊಪ್ಪು ಹಾಕುತ್ತಾರೆ ಅಂತ ಶಾಲೆಗೆಲ್ಲ ಗೊತ್ತಾಯಿತು. ನಾನು ಅಲ್ಲಗಳೆಯಲಿಲ್ಲ.

ಅವ್ವನ ಫೋಟೋ ಇದ್ದದ್ದು ಒಂದೇ, ಅದು ಅಣ್ಣನ ಮನೆಯಲ್ಲಿ. ಹಾಗಾಗಿ ನಾನು ಎಲೆ ಹಾಸುತ್ತಿದ್ದದ್ದು ಗೋಡೆಯ ಕ್ಯಾಲೆಂಡರಿನ ಮುಂದೆ. ಒಂದು ಮುದ್ದೆ, ಸಾರು, ಅನ್ನ, ಎಲೆ ಅಡಿಕೆ. ಬಡಿಸಿ, ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆಮೇಲೆ ಒಳಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದೆ. ಎಡೆಯದನ್ನು ಹಂಚಿಕೊಂಡು ತಿನ್ನಬೇಕು. ಯಾರ ಜೊತೆ ಹಂಚಲಿ? ಆ ಮುದ್ದೆ ಮುಗಿಸುವಷ್ಟು ಕಷ್ಟ ನಾನು ಬೇರೆ ಯಾವುದಕ್ಕೂ ಪಟ್ಟಿಲ್ಲ.

ಒಂದು ವರ್ಷ ಮೆಟ್ಟಿಲ ಮೇಲೆ ಕೂತಿದ್ದವಳನ್ನು ಒಡತಿ ನೋಡಿ, ಯಾಕೆ ಟೀಚರೇ ಹೊರಗೆ ಕೂತಿದೀರಿ ಅಂತ ಕೇಳಿದರು. ಹೇಳಿದೆ. ಅಣ್ಣನ ಚಂದ್ರನ ಲೆಕ್ಕ, ನನ್ನ ತಾರೀಖಿನ ಲೆಕ್ಕ ಎರಡನ್ನೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ನಮಗೆ ಎರಡೂ ಅಲ್ಲ ಟೀಚರೇ. ಸತ್ತ ತಿಂಗಳಲ್ಲಿ ಸತ್ತ ದಿನದ ನಕ್ಷತ್ರ ಯಾವತ್ತು ಬರುತ್ತೆ, ಅವತ್ತು" ಅಂದರು. ನನಗೆ ನಗು ಬಂತು. ಪಾಪ ಅವ್ವ, ಇನ್ನೊಂದು ದಿನವೂ ಸಿಕ್ಕಿತು ಅಂತ. ಅವರು ಒಳಗೆ ಹೋಗಿ ಒಂದು ಬಟ್ಟಲಲ್ಲಿ ಪಾಯಸ ತಂದು ಕೈಗಿಟ್ಟರು. ಯಾವ ದಿನವಾದರೂ ಒಬ್ಬರೇ ಊಟ ಮಾಡಬಾರದು ಅಂತ ಹೇಳಿ ಹೋದರು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ಹುಡುಗಿಯ ಪ್ರಶ್ನೆ. ಅಲ್ಲೇನು ಗುರುತಿಗೆ ಕಲ್ಲು ನೆಟ್ಟಿದ್ದಾರಾ? ಇಲ್ಲ. ನೆಡಲು ಆಗುವುದೂ ಇಲ್ಲ. ಬಯಲಿನಲ್ಲಿ ನಾನು ಅಲ್ಲಾಡಬೇಡ ಎಂದು ನಿಲ್ಲಿಸುತ್ತಿದ್ದ ಸೂರ್ಯ ನಿಜದಲ್ಲಿ ನಿಂತಲ್ಲಿ ನಿಂತಿಲ್ಲ. ಭೂಮಿಯನ್ನೂ ಉಳಿದವರನ್ನೂ ಕಟ್ಟಿಕೊಂಡು ಅವನೂ ಹೋಗುತ್ತಲೇ ಇದ್ದಾನೆ. ವರ್ಷ ತುಂಬಿದಾಗ ಭೂಮಿ ಸೂರ್ಯನ ಪಕ್ಕದಲ್ಲಿ ಅದೇ ಕಡೆ ಇರಬಹುದು, ಬಿಟ್ಟು ಬಂದ ಜಾಗಕ್ಕೆ ಮಾತ್ರ ಮತ್ತೆ ಯಾವತ್ತೂ ಬರುವುದಿಲ್ಲ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ನನ್ನ ಜಗಳಕ್ಕೆ ತಂದು ಹಚ್ಚಿ ನೋಡಿರಲಿಲ್ಲ. ಅವ್ವ ಸತ್ತ ಜಾಗ ಅನ್ನುವುದು ಆ ದಿನವೇ ಹಿಂದೆ ಉಳಿದುಹೋಗಿತ್ತು. ನಾನು ಕಾಯುತ್ತಿದ್ದದ್ದು ಬರದೇ ಇರುವ ಬಸ್ಸಿಗೆ.

ಅದು ಗೊತ್ತಾದ ಮೇಲಾದರೂ ಅಣ್ಣನಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಸೋಲದೆ ಹೋಗುವ ದಾರಿ ಬೇಕಿತ್ತು ನನಗೆ. ಅದು ಎರಡು ಸಾವಿರದ ಎಂಟರ ಹೊಸ ಕ್ಯಾಲೆಂಡರಿನಲ್ಲಿ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಅದನ್ನು ಮೊಳೆಗೆ ನೇತುಹಾಕುವ ಮುಂಚೆ ಅಭ್ಯಾಸದಂತೆ ಏಪ್ರಿಲ್ ತಿರುವಿದೆ. ನನ್ನ ತಾರೀಖಿನ ಚೌಕದಲ್ಲೇ ತೊಡಕು ಬಂದು ಕೂತಿತ್ತು. ಕಾಗದದ ಹಿಂಬದಿಯಲ್ಲಿ ಗುಣಿಸಿ ನೋಡಿದೆ. ಸೂರ್ಯನ ಹತ್ತೊಂಬತ್ತು ವರ್ಷಕ್ಕೂ ಚಂದ್ರನ ಇನ್ನೂರ ಮೂವತ್ತೈದು ತಿಂಗಳಿಗೂ ದಿನಗಳ ಎಣಿಕೆ ಹೆಚ್ಚುಕಮ್ಮಿ ಒಂದೇ. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಸುತ್ತಿ ಸುತ್ತಿ ಹತ್ತೊಂಬತ್ತು ವರ್ಷಕ್ಕೆ ಒಮ್ಮೆ ಒಂದೇ ಬಾಗಿಲಿಗೆ ಬರುತ್ತಾರೆ. ನನಗೆ ಮೂವತ್ತಾರು ನಡೆಯುತ್ತಿತ್ತು. ಇದನ್ನು ಬಿಟ್ಟರೆ ಮುಂದಿನದಕ್ಕೆ ನನಗೆ ಐವತ್ತೈದು, ಅಣ್ಣನಿಗೆ ಅರವತ್ತೇಳು. ಅವನು ಇರುತ್ತಾನೋ, ನಾನು ಇರುತ್ತೇನೋ.

ಪರೀಕ್ಷೆಯ ಪೇಪರು ತಿದ್ದುವ ಕೆಲಸ ಇತ್ತು. ಒಂದು ದಿನ ರಜೆ ಬರೆದುಕೊಟ್ಟು ಬೆಳಗಿನ ಬಸ್ಸು ಹತ್ತಿದೆ. ತೊಡಕಿನ ದಿನ ಯಾವ ಊರಲ್ಲಿ ನೋಡಿದರೂ ಬಾಡಿನ ಅಂಗಡಿ ಮುಂದೆ ಸಾಲು. ಬಸ್ಸಿನಲ್ಲಿ ನನ್ನ ಪಕ್ಕದವನ ಕಾಲ ಬಳಿ ಎರಡು ಕೋಳಿ. ಚಾಮರಾಜನಗರದಲ್ಲಿ ಇಳಿದು ಊರಿನ ಬಸ್ಸಿಗೆ ಕಾಯುವಾಗ ಪಕ್ಕದ ಅಂಗಡಿಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಕಟ್ಟಿಸಿಕೊಂಡೆ. ಮುಂಚೆ ತಿಳಿಸಿರಲಿಲ್ಲ. ಬಾಗಿಲಲ್ಲಿ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಹೇಳುವ ಪ್ರಸಂಗವೇ ಬರಲಿಲ್ಲ. ಅತ್ತಿಗೆ ನನ್ನನ್ನು ನೋಡಿ, "ಬಾವ್ವ, ಬಿಸ್ಲಲ್ ಬಂದಿದ್ದೀಯ" ಅಂದು ನೀರು ಕೊಟ್ಟು, ಬೆಳ್ಳುಳ್ಳಿ ಸುಲಿಯಲು ಕೂರಿಸಿದಳು. ಈರುಳ್ಳಿಯನ್ನು ಅವಳು ತೊಡಕಿನ ಹಿಂದಿನ ದಿನವೇ ಹೆಚ್ಚಿಡುತ್ತಾಳೆ, ಕಣ್ಣಲ್ಲಿ ನೀರು ಬರಬಾರದು ಅಂತ. ಅಣ್ಣ ಹೊಲದಿಂದ ಬಂದವನು ಚಪ್ಪಲಿ ಬಿಡುತ್ತಾ, "ಎಷ್ಟ್ ಒತ್ತಾಯ್ತು ಬಂದು?" ಅಂದ, ಅಷ್ಟೇ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ದೀಪಾವಳಿಯಲ್ಲಿ ನೋಡಿದ್ದೆ, ಆಗ ಯಾಕೆ ಗಮನಿಸಿರಲಿಲ್ಲವೋ.

ಸಂಜೆ ನಡುಮನೆಯಲ್ಲಿ, ಅದೇ ಕಂಬದ ಪಕ್ಕ ಅವ್ವನ ಫೋಟೋ ಇಟ್ಟು ಎಲೆ ಹಾಸಿದರು. ಮುದ್ದೆ, ಬಾಡಿನ ಸಾರು, ಅನ್ನ, ಉಳಿಸಿಟ್ಟ ಒಬ್ಬಟ್ಟು, ಒಂದು ಹೊಸ ಸೀರೆ. ಅಣ್ಣ ಎಲೆ ಅಡಿಕೆ ಹೊಗೆಸೊಪ್ಪು ಇಟ್ಟ. ನಾನು ಬ್ಯಾಗಿನಿಂದ ನನ್ನ ಪೊಟ್ಟಣ ತೆಗೆದೆ. ಅವನು ನೋಡಿ, ಕೈ ಚಾಚಿ ಇಸಿದುಕೊಂಡು ತನ್ನದರ ಪಕ್ಕದಲ್ಲೇ ಇಟ್ಟ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಅಣ್ಣನ ಮಕ್ಕಳಿಬ್ಬರೂ ಚಂದ್ರನನ್ನು ನೋಡಲು ಬೀದಿಗೆ ಓಡಿದರು. ನಾನು, ಅಣ್ಣ, ಅತ್ತಿಗೆ ಜಗಲಿಯ ಮೇಲೆ ಕೂತೆವು.

ಕೂತವಳಿಗೆ ಸುಮ್ಮನಿರಲಾಗಲಿಲ್ಲ. ಬಾಯಿಪಾಠ ಮಾಡಿದ್ದು ವ್ಯರ್ಥವಾಗಬಾರದಲ್ಲ. "ಅಣ್ಣ, ಈ ವರ್ಷ ನಿನ್ನ ದಿನ ನನ್ನ ದಿನ ಎರಡೂ ಒಂದೇ ಆಗಿದೆ ಕಣೋ" ಅಂದೆ. ಹತ್ತೊಂಬತ್ತು ವರ್ಷದ ಲೆಕ್ಕ, ಇನ್ನೂರ ಮೂವತ್ತೈದು ತಿಂಗಳು, ಎಲ್ಲ ಬಿಡಿಸಿ ಹೇಳಿದೆ. ಇಷ್ಟು ವರ್ಷ ಕಾದದ್ದಕ್ಕೆ ಇವತ್ತು ಅವ್ವನ ದಿನ ಸರಿಯಾಗಿ ಬಂತು ಅಂದೆ.

ಅಣ್ಣ ಪೂರ್ತಿ ಕೇಳಿಸಿಕೊಂಡ. ಅವನಿಗೆ ಕೋಪವಿರಲಿಲ್ಲ. ಅದೇ ನನಗೆ ಇನ್ನೂ ನೆನಪಿರುವುದು.

"ಅಲ್ಲ ಕಣಮ್ಮಿ" ಅಂದ. "ಅವ್ವನ್ ದಿಸ ವರ್ಸ ವರ್ಸಾನೂ ಬತ್ತಿತ್ತು. ನೀನೇ ಬತ್ತಿರ್ನಿಲ್ಲ."

ಇವತ್ತಿನದೂ ಸೇರಿ ಹತ್ತೊಂಬತ್ತು ಸಲ ಈ ಬಾಗಿಲು ಮುಚ್ಚಿ ಇವರು ಹೀಗೇ ಕೂತಿದ್ದರು. ಒಂದು ಸಲ ಹೊಸಿಲಿನಿಂದಲೇ ತಿರುಗಿ ಹೋಗಿದ್ದೆ, ಹದಿನೇಳು ಸಲ ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ಕ್ಯಾಲೆಂಡರಿನ ಮುಂದೆ ಕೂತಿದ್ದೆ. ಸೂರ್ಯ ಚಂದ್ರರನ್ನು ಸಾಕ್ಷಿಗೆ ಕರೆದುಕೊಂಡು ನಾನು ಗೆದ್ದದ್ದು ಏನು ಎಂದು ಯೋಚಿಸಿದರೆ, ಒಬ್ಬಳೇ ತಿಂದ ಮುದ್ದೆಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಮಕ್ಕಳು ಕೂಗಿದರು, "ಅಗೋ! ಅಗೋ!" ಅವ್ವ ಸತ್ತ ಮೇಲೆ ನಾನು ಯುಗಾದಿಯ ಚಂದ್ರನನ್ನು ನೋಡಿರಲೇ ಇಲ್ಲ. ಯುಗಾದಿ, ತೊಡಕು ಎರಡೂ ಸಂಜೆ ಕಿಟಕಿ ಹಾಕಿಕೊಂಡು ಕೂರುತ್ತಿದ್ದೆ. ಎದ್ದು ನಿಂತು ಪಡುವಲಕ್ಕೆ ನೋಡಿದೆ. ಎದುರು ಮನೆಯ ಹೆಂಚಿನ ಮೇಲೆ, ತೆಂಗಿನ ಗರಿಯ ಸಂದಿಯಲ್ಲಿ, ತೆಳ್ಳಗೆ ಇದ್ದ. ಯಾವಾಗ ಹಿಂದಕ್ಕೆ ತಿರುಗಿದೆನೋ ತಿಳಿಯದು. ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, ಒಳಗೆ ಊಟ ಮಾಡುತ್ತಿರುವವಳಿಗೆ ಕೇಳುವ ಹಾಗೆ ಹೇಳಿದೆ.

"ಕಾಣ್ತು ಕಣವ್ವ."

ಅತ್ತಿಗೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಅಣ್ಣ ತೋಳಿನಲ್ಲಿ ಕಣ್ಣೊರೆಸಿಕೊಂಡ. ಇವತ್ತು ತೊಡಕು, ಅಳಬಾರದು ಎಂದು ಯಾರೂ ಯಾರಿಗೂ ನೆನಪಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಣ್ಣ ಬಾಗಿಲು ತಟ್ಟಿ ತೆಗೆದ. ಎಲೆಯದನ್ನು ಐದು ಪಾಲು ಮಾಡಿದರು, ನಾನು ನನ್ನ ಪಾಲು ಉಂಡೆ.

ಮರುವರ್ಷ ಯುಗಾದಿ ಮತ್ತೆ ಮಾರ್ಚಿಗೆ ಸರಿಯಿತು. ಸ್ಟಾಫ್ ರೂಮಿನ ಕ್ಯಾಲೆಂಡರಿನಲ್ಲಿ ಎಣಿಸಿದೆ, ನನ್ನ ತಾರೀಖಿಗೆ ಇನ್ನೂ ಹನ್ನೊಂದು ದಿನ ಇತ್ತು. ರಜೆ ಬರೆದುಕೊಟ್ಟೆ. ಪೆಟ್ಟಿಗೆ ಅಂಗಡಿಯಲ್ಲಿ ಹೊಗೆಸೊಪ್ಪು ಕೊಂಡೆ. ತೊಡಕಿನ ಬೆಳಗ್ಗೆ, ಬತ್ತದೆ ಬುಡು, ಎಲ್ಲಿಗ್ ಓಯ್ತದೆ ಅಂದುಕೊಂಡು ಬಸ್ಸು ಹತ್ತಿದೆ.